ಉಸಿರಾಡುವ ಬಿರುಕು

"ಕೇಳಿರಿ, ಕೇಳಿರಿ! ಬರುವ ಹುಣ್ಣಿಮೆಯಿಂದ ಸ್ವಂತ ಸೂರಿಲ್ಲದವರು ಈ ಊರಲ್ಲಿ ಇರಕೂಡದು. ಕೋಟೆಯಾಚೆಯ ಹಳೇ ಎರಡು ಮಟ್ಟದ ಮನೆ ಮಾರಾಟಕ್ಕಿದೆ. ನೋಡಲು ಬಂದವರಿಗೆ ಅರಸರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಮನೆಯೂ ಅದರೊಳಗಿರುವುದೆಲ್ಲವೂ. ತಪ್ಪಿದವರ ತಲೆ ಅರಸರ ಸೊತ್ತು!"

ಡಂಗುರದವನು ಹೀಗೆ ಸಾರಿದ. ಊರಿನ ಮನೆಗಳನ್ನೆಲ್ಲ ಕಟ್ಟಿದವರಿಗೇ ಊರಲ್ಲಿ ಸೂರಿರಲಿಲ್ಲ. ಅವರನ್ನು ಹೊರಗಟ್ಟುವುದಕ್ಕೆ ರಾಜ್ಯಭಾರ ಎಂದು ಹೆಸರು.

ಗಾರೆ ಕೆಲಸದ ಸಣ್ಣೀರಮ್ಮನ ಅಣ್ಣ ಕೆಂಚಪ್ಪ ಆ ಮನೆ ನೋಡಲು ಹೋಗಿ ಎಂಟು ದಿನವಾಗಿತ್ತು. ತಿರುಗಿ ಬರಲಿಲ್ಲ. ಹೆಣವನ್ನಾದರೂ ತರುತ್ತೇನೆಂದು ಅವಳು ಗಾರೆ ಮೆತ್ತುವ ಕರಣೆಯನ್ನೂ ಒಂದು ಮುದ್ದೆ ಹಸಿ ಸುಣ್ಣವನ್ನೂ ಬುಟ್ಟಿಗೆ ಹಾಕಿಕೊಂಡು ಹೊರಟಳು.

ಅವಳೊಡನೆ ಒಳಹೊಕ್ಕವರು ಇಬ್ಬರು: ಜವಳಿ ಸಾಹುಕಾರ ಮತ್ತು ಮಂತ್ರಿಯ ಅಳಿಯ. ಹಿಂದೆಯೇ ಬಾಗಿಲಿಗೆ ಹೊರಗಿನಿಂದ ಅಗುಳಿ ಬಿತ್ತು. ಮುಂದೆ ಕೋಣೆಯಿಲ್ಲ, ನಾಲ್ಕಡಿಯ ಕಟ್ಟೆ ಮಾತ್ರ. ಅಲ್ಲಿಂದ ಆರು ಮೆಟ್ಟಿಲು ಮೇಲಕ್ಕೆ, ಆರು ಮೆಟ್ಟಿಲು ನೆಲದೊಳಗೆ ಹೂತ ಕೆಳಮನೆಗೆ. ಮೇಲೆ ಅರಸ ಕಾಲಮೇಲೆ ಕಾಲು ಹಾಕಿ ಕುಳಿತಿದ್ದ. ಕೆಳಗೆ ಮುಚ್ಚಿದ ಕದ, ಕದದ ಮುಂದೆ ಭಟರು. ಕಿಟಕಿಯಿಲ್ಲ. ಒಬ್ಬರ ಉಸಿರು ಇನ್ನೊಬ್ಬರ ಕುತ್ತಿಗೆಗೆ ತಾಗುತ್ತಿತ್ತು.

ಪಕ್ಕದ ಗೋಡೆಯಲ್ಲಿ ಉದ್ದಕ್ಕೂ ಒಂದು ಬಿರುಕು. ಸಣ್ಣೀರಮ್ಮ ಅದಕ್ಕೆ ಅಡ್ಡಲಾಗಿ ತೆಳ್ಳಗೆ ಸುಣ್ಣದ ಪಟ್ಟಿ ಎಳೆದಳು. ಗಾರೆಯವರ ಪದ್ಧತಿ ಅದು. ಪಟ್ಟಿ ಉಳಿದರೆ ಬಿರುಕು ಹಳೆಯದು, ಸೀಳಿದರೆ ಮನೆ ಇನ್ನೂ ಜರುಗುತ್ತಿದೆ.

"ಹಚ್ಚು ತಾಯೀ, ಹಚ್ಚು. ಸತ್ತ ಮೇಲೆ ಕೂಲಿ ಕೇಳಬೇಡ" ಎಂದು ಅರಸ ನಕ್ಕ. "ಮೊದಲನೆಯದು. ಹೊಸಿಲು ದಾಟಿದವನು ಮನೆಯೊಳಗಿದ್ದಾನೆ. ಆದರೆ ಮೇಲಿನ ಮನೆಯಲ್ಲೂ ಇಲ್ಲ, ಕೆಳಗಿನ ಮನೆಯಲ್ಲೂ ಇಲ್ಲ. ಎಲ್ಲಿದ್ದಾನೆ?"

"ಅಟ್ಟದ ಮೇಲೆ, ಮಹಾಪ್ರಭೂ!" ಎಂದ ಸಾಹುಕಾರ. ಭಟರು ಅವನನ್ನು ಕೆಳಗೆಳೆದು ಕದ ಮುಚ್ಚಿದರು.

"ನಾವು ನಿಂತಿರೋ ಈ ಕಟ್ಟೆಯ ಮೇಲೆ, ಒಡೆಯಾ" ಎಂದಳು ಸಣ್ಣೀರಮ್ಮ.

"ಎರಡನೆಯದು. ಕಾಲಿಲ್ಲದೆ ಗೋಡೆ ಹತ್ತುತ್ತಾನೆ. ಸುಣ್ಣ ಬಳಿದರೆ ಅಡಗುತ್ತಾನೆ, ತಿಂಗಳೊಳಗೆ ಮತ್ತೆ ಮುಖ ತೋರಿಸುತ್ತಾನೆ. ಯಾರು?"

ಅಳಿಯ ಅವಳನ್ನು ತಳ್ಳಿ ಮುಂದೆ ನಿಂತ. "ಹಾವು! ಸುಣ್ಣದ ಘಾಟಿಗೆ ಓಡುತ್ತೆ, ಆಮೇಲೆ ಬರುತ್ತೆ!" ಅವನನ್ನೂ ಎಳೆದೊಯ್ದರು. ಮಾವನ ಹೆಸರು ಕೂಗಿದ್ದು ಕದದಾಚೆ ನಿಂತುಹೋಯಿತು.

"ತೇವ" ಎಂದಳು ಅವಳು. "ಹೂತ ಗೋಡೆ ಮಣ್ಣಿನಿಂದ ನೀರು ಹೀರುತ್ತೆ. ಎಷ್ಟು ಬಳಿದರೂ ಕಲೆ ಮೇಲೇಳುತ್ತೆ."

ಅರಸನ ನಗು ಅರ್ಧಕ್ಕೆ ನಿಂತಿತು. "ಮೂರನೆಯದು. ಮಾರುವವನು ತೋರಿಸುವುದಿಲ್ಲ, ಕೊಳ್ಳುವವನು ನೋಡುವುದಿಲ್ಲ. ಇಡೀ ಮನೆ ನಿಂತಿರುವುದು ಅದರ ಮೇಲೆ. ಯಾವುದು?"

ಅಡಿಪಾಯ. ಮಾತು ನಾಲಗೆಯ ತುದಿಗೆ ಬಂತು. ಅವಳು ಅದನ್ನು ಅಲ್ಲೇ ತಡೆದಳು. ಗಾರೆಯವರು ಯಾರಾದರೂ ಇದನ್ನೇ ಹೇಳುತ್ತಾರೆ. ಗಾರೆಯವನೇ ಆದ ಕೆಂಚಪ್ಪನೂ ಹೇಳಿರಬೇಕು. ಹೇಳಿ ಹೋದ.

ಭಟರು ಎರಡು ಮೆಟ್ಟಿಲು ಹತ್ತಿದರು. ಅವಳ ಬೆನ್ನಿಗೆ ಮುಚ್ಚಿದ ಬಾಗಿಲು ಒತ್ತಿತು. ಅವಳು ಬಿರುಕಿನ ಕಡೆ ತಿರುಗಿದಳು.

ಸುಣ್ಣದ ಪಟ್ಟಿ ಸೀಳಿತ್ತು. ಆದರೆ ಸೀಳು ಅಗಲವಾಗುತ್ತಿರಲಿಲ್ಲ. ಕೂದಲೆಳೆಯಷ್ಟು ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು, ಮುಚ್ಚಿತು. ದಣಿದವರ ಎದೆಯ ಹಾಗೆ. ಕಲ್ಲು ಉಸಿರಾಡುವುದನ್ನು ಅವಳು ಕಂಡಿರಲಿಲ್ಲ.

ಕರಣೆಯ ಹಿಡಿಯಿಂದ ಗೋಡೆಗೆ ಮೂರು ಸಲ ಬಡಿದಳು. ಕೆಳಗಿನಿಂದ ಮೂರು ಸಲ ಬಡಿತ ಮರಳಿ ಬಂತು.

"ಮನುಷ್ಯರು!" ಎಂದು ಕಿರುಚಿದಳು. "ಕೆಳಗಿನ ಕಂಬಗಳು ತೇವಕ್ಕೆ ಕೊಳೆತಿವೆ. ತಪ್ಪಿದವರನ್ನು ನೀನು ಕೊಲ್ಲಲಿಲ್ಲ, ತೊಲೆಯ ಕೆಳಗೆ ನಿಲ್ಲಿಸಿದ್ದೀಯ. ಈ ಮನೆ ನಿಂತಿರೋದು ನಮ್ಮವರ ಹೆಗಲ ಮೇಲೆ!"

"ಇವಳನ್ನೂ ಇಳಿಸಿರೋ!"

"ಇಳಿಸು. ನಾನೊಂದು ಮಾತು ಕೂಗಿದರೆ ಅವರೆಲ್ಲ ಒಟ್ಟಿಗೆ ಹೆಗಲು ಸರಿಸ್ತಾರೆ. ಮೇಲೆ ಕೂತಿರೋನು ಯಾರು, ನೋಡಿಕೋ."

ಅರಸ ಕಾಲಡಿಯ ಹಲಗೆ ನೋಡಿದ. ಆ ಮನೆಯಲ್ಲಿ ಮೊದಲ ಸಲ ಅವನಿಗೂ ಹೊರಹೋಗುವ ದಾರಿ ಇರಲಿಲ್ಲ. "ಮನೆ ನಿನ್ನದು" ಎಂದ ಮೆಲ್ಲಗೆ.

"ಅದರೊಳಗಿರೋರೂ. ಡಂಗುರ ಹೊಡೆಸಿದ್ದು ನೀನೇ. ಹೊರಗಿರೋ ನಿನ್ನ ಪಲ್ಲಕ್ಕಿಯ ಕಂಬ ತರಿಸು, ತೊಲೆಗೆ ಆನಿಸೋಕೆ."

ಆ ತೇಗದ ಕಂಬಗಳನ್ನು ತುಂಡರಿಸಿ ತೊಲೆಗೆ ಆನಿಸಿದ ಮೇಲೆ ಇಪ್ಪತ್ತಮೂರು ಜನ ಬೆಳಕಿಗೆ ಬಂದರು. ಕೊನೆಗೆ ಬಂದವನು ಕೆಂಚಪ್ಪ. ಅವನಿಗೆ ಬೆನ್ನು ನೆಟ್ಟಗಾಗಲಿಲ್ಲ. "ಅಡಿಪಾಯ ಅಂದೆ ಕಣವ್ವಾ" ಎಂದ ನಾಚಿ.

"ಸರಿಯಾಗೇ ಹೇಳಿದ್ದೆ, ಅಣ್ಣಾ. ಆಮೇಲೆ ನಿನ್ನನ್ನೇ ಅದು ಮಾಡಿದ."

ಸಾಹುಕಾರನೂ ಅಳಿಯನೂ ತಮ್ಮ ತಮ್ಮ ಮನೆಗೆ ಓಡಿದರು; ಉಳಿದವರೆಲ್ಲ ಸಣ್ಣೀರಮ್ಮನೊಡನೆ ಆ ಮನೆಯನ್ನು ಹಂಚಿಕೊಂಡರು. ಎಲ್ಲರಿಗೂ ಸ್ವಂತ ಸೂರಾಯಿತು. ಹುಣ್ಣಿಮೆ ಬಂತು, ಅವರನ್ನು ಯಾರೂ ಹೊರಗಟ್ಟಲಿಲ್ಲ. ಪಲ್ಲಕ್ಕಿಗೆ ಕಂಬವಿಲ್ಲದ ಅರಸ ಆವತ್ತು ನಡೆದೇ ಅರಮನೆ ಸೇರಿದ. ಆ ಊರಲ್ಲಿ ಮನೆ ನೋಡಲು ಹೋದವರು ಇವತ್ತಿಗೂ ಮೊದಲು ಕೆಳಗಿಳಿಯುತ್ತಾರೆ. ಗೋಡೆಗೆ ಮೂರು ಸಲ ಬಡಿದು, ಕಿವಿಯಿಟ್ಟು ಕಾಯುತ್ತಾರೆ.