ಮರಿಸಿದ್ದ ಗಾರೆ ಕಲಿತದ್ದು

ಊರಿನ ಹೆಸರು ಬೇಡ. ಹೇಳಿದರೆ ಆ ಊರಿನವರು ಬಾಗಿಲಿಗೆ ಬಂದು ಜಗಳ ತೆಗೆಯುತ್ತಾರೆ. ಅಲ್ಲೊಬ್ಬಳು ಸಾಕವ್ವ, ಅವಳಿಗೊಬ್ಬ ಮಗ ಮರಿಸಿದ್ದ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ಕಾಯಿಲೆ. "ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಅನ್ನ ಹಾಕೋರು ಯಾರಪ್ಪಾ!" ಎಂದು ಸಾಕವ್ವ ಕೊರಗುತ್ತಿದ್ದಳು.

ಆ ಊರಲ್ಲಿ ಪಾಳೇಗಾರರ ಕಾಲದ ಅರಮನೆಯೊಂದು ದುರಸ್ತಿಯಾಗುತ್ತಿತ್ತು. ಸಿಮೆಂಟು ಮುಟ್ಟುವ ಹಾಗಿಲ್ಲ. ಹಿಂದಿನವರ ಹಾಗೆ ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಅರೆದ ಗಾರೆಯೇ ಆಗಬೇಕು. ಆ ಕೆಲಸ ಬಲ್ಲವನು ಉಗ್ರಪ್ಪ ಮೇಸ್ತ್ರಿ. ಸಾಕವ್ವ ಹೋಗಿ ಅವನ ಕಾಲಿಗೆ ಬಿದ್ದಳು.

"ಅಣ್ಣಾ, ಇವನಿಗೊಂದು ಕಸುಬು ಕಲಿಸಿಕೊಡು, ನಿನ್ನ ಹೊಟ್ಟೆ ತಣ್ಣಗಿರಲಿ!"

"ಹೇಳಿದ ಹಾಗೆ ಕೇಳ್ತಾನಾ?"

"ಅಯ್ಯೋ, ಅವನು ಮಾಡೋದು ಅದೊಂದೇ ಕಣಣ್ಣ!"

ಮೊದಲ ದಿನ ಗೋಡೆ ಬಿಟ್ಟ ಹಳೇ ಗಾರೆ ಉದುರಿಸಲು ಮೇಸ್ತ್ರಿ ಸುತ್ತಿಗೆ ಕೊಟ್ಟ. "ತಟ್ಟುತ್ತಾ ಹೋಗು. ಟೊಳ್ಳು ಸದ್ದು ಬಂದದ್ದನ್ನೆಲ್ಲ ಒಡೆದುಹಾಕು!"

ಮರಿಸಿದ್ದ ಗೋಡೆ ತಟ್ಟಿದ. ಗಟ್ಟಿ! ಬಿಟ್ಟ. ಕಂಬ ತಟ್ಟಿದ. ಗಟ್ಟಿ! ಬಿಟ್ಟ. ಮೂಲೆಯಲ್ಲಿದ್ದ ನೀರಿನ ಗುಡಾಣ ತಟ್ಟಿದ. ಟೊಳ್ಳು! ಒಡೆದ. ಮೇಸ್ತ್ರಿಯ ಮಜ್ಜಿಗೆ ಮಡಕೆ ತಟ್ಟಿದ. ಟೊಳ್ಳು! ಅದನ್ನೂ ಒಡೆದ. ಇನ್ನು ಉಳಿದದ್ದು ಮೇಸ್ತ್ರಿಯ ಬೋಳು ತಲೆ. ಅದನ್ನು ತಟ್ಟಲು ಬಂದಾಗ ಮೇಸ್ತ್ರಿ ಸುತ್ತಿಗೆ ಕಸಿದುಕೊಂಡು ಅವನನ್ನು ಮನೆಗೆ ಅಟ್ಟಿದ.

"ಥೂ ಪೆದ್ದೇ!" ಸಾಕವ್ವ ತಲೆ ಚಚ್ಚಿಕೊಂಡಳು. "ಒಡೆಯೋಕೆ ಮೇಸ್ತ್ರಿ ಹತ್ರ ಹೋಗ್ಬೇಕೇನ್ಲಾ? ಗಾರೆಯವನು ಅಂದ್ರೆ ಸಂದು ಕಂಡ ಕಡೆ ಮೆತ್ತಿ ಮುಚ್ಚಬೇಕು!"

"ಆಯ್ತು ಕಣವ್ವ, ಸಂದು ಕಂಡ ಕಡೆ ಮುಚ್ತೀನಿ."

ಮಾರನೇ ದಿನ ಗೋಡೆಯಲ್ಲಿ ಸಂದು ಕಂಡ, ಮುಚ್ಚಿದ. ಮೆಟ್ಟಿಲಲ್ಲಿ ಸಂದು ಕಂಡ, ಮುಚ್ಚಿದ. ಮುಚ್ಚಿದ ಬಾಗಿಲ ಎರಡು ಪಡಿಗಳ ನಡುವೆ ಉದ್ದಕ್ಕೂ ಒಂದು ಸಂದು! ಅದಕ್ಕೂ ಮೇಲಿಂದ ಕೆಳಗಿನವರೆಗೆ ದಪ್ಪಗೆ ಮೆತ್ತಿ, ಕರಣೆಯಿಂದ ನುಣ್ಣಗೆ ಎಳೆದ. ಒಳಗೆ ಉಂಡು ಮಲಗಿದ್ದ ಉಗ್ರಪ್ಪ ಮೇಸ್ತ್ರಿ ಎದ್ದು ಬಾಗಿಲು ಜಗ್ಗಿದ. ಹಸಿ ಗಾರೆಯೆಲ್ಲ ಅವನ ಮೈಮೇಲೆ ಬಿತ್ತು.

"ಅಯ್ಯೋ ನನ್ನ ಕರ್ಮವೇ!" ಎಂದಳು ಸಾಕವ್ವ. "ಮೆತ್ತೋಕೆ ಮುಂಚೆ ಒಳಗೆ ಯಾರಾದ್ರೂ ಇದ್ದೀರಾ ಅಂತ ಕೂಗಿ ಕೇಳಬಾರದೇನ್ಲಾ? ಉತ್ತರ ಬಂದ್ರೆ ಕೈ ಹಾಕಬೇಡ!"

"ಆಯ್ತು ಕಣವ್ವ, ಕೂಗಿ ಕೇಳ್ತೀನಿ."

ಮರುದಿನ ಸಿಕ್ಕಿದ್ದು ಗುಮ್ಮಟದ ಕೋಣೆ. ಮರಿಸಿದ್ದ ಒಂದು ಬಿರುಕಿಗೆ ಬಾಯಿಟ್ಟು ಕೂಗಿದ. "ಒಳಗೆ ಯಾರಾದ್ರೂ ಇದ್ದೀರಾ?" ಗುಮ್ಮಟ ಕೂಗಿತು, "ಇದ್ದೀರಾ?" ಉತ್ತರ ಬಂತು! ಕೈ ಹಾಕಲಿಲ್ಲ. ಇನ್ನೊಂದು ಬಿರುಕಿಗೆ ಹೋಗಿ ಕೂಗಿದ. ಅಲ್ಲೂ ಉತ್ತರ ಬಂತು! ಸಂಜೆವರೆಗೂ ಕೂಗಿದ, ಒಂದು ಬಿರುಕಿಗೂ ಗಾರೆ ಹಾಕಲಿಲ್ಲ.

"ಏನ್ಲಾ ಇದು?" ಎಂದ ಮೇಸ್ತ್ರಿ.

"ಎಲ್ಲದರಲ್ಲೂ ಜನ ಇದ್ದಾರೆ ಮೇಸ್ತ್ರೀ!"

ಮೇಸ್ತ್ರಿ ನೆಟ್ಟಗೆ ಸಾಕವ್ವನ ಮನೆಗೇ ಬಂದ. "ನಾಳೆ ಗಾರೆ ಉದುರಿದ ಒಂದೇ ಒಂದು ಗೋಡೆ ಕೊಡ್ತೀನಿ ಕಣವ್ವ. ಅದೂ ಕೆಟ್ಟರೆ ಇವನನ್ನ ನೀನೇ ಇಟ್ಕೋ." ಸಾಕವ್ವ ಮಗನ ಎರಡೂ ಕಿವಿ ಹಿಡಿದು ಹೇಳಿದಳು: "ಪಕ್ಕದ ಹಳೇ ಗೋಡೆ ನೋಡ್ಕೋ. ಅದು ಹೆಂಗಿದೆಯೋ ಹಂಗೇ ಇದನ್ನೂ ಮಾಡು. ಯಾವುದು ಹಳೇದು, ಯಾವುದು ಹೊಸದು ಅಂತ ಗೊತ್ತಾಗಲೇಬಾರದು!"

"ಆಯ್ತು ಕಣವ್ವ, ಗೊತ್ತಾಗಲೇಬಾರದು."

ಕೆಲಸ ಮುಗಿದ ದಿನ ಸಾಕವ್ವ ಜೀವ ಕೈಯಲ್ಲಿ ಹಿಡಿದುಕೊಂಡು ನೋಡಲು ಹೋದಳು. ಎರಡು ಗೋಡೆಗಳೂ ಅಕ್ಕಪಕ್ಕದಲ್ಲಿದ್ದವು. ಒಂದರಲ್ಲಿ ಬಿರುಕು, ಇನ್ನೊಂದರಲ್ಲೂ ಬಿರುಕು. ಒಂದರಲ್ಲಿ ದೀಪದ ಮಸಿ, ಇನ್ನೊಂದರಲ್ಲೂ ಮಸಿ. ಒಂದರಲ್ಲಿ ಯಾರೋ ಪುಂಡ ಮೊಳೆಯಿಂದ ಕೆತ್ತಿದ "ಪುಟ್ಟಿ", ಇನ್ನೊಂದರಲ್ಲೂ "ಪುಟ್ಟಿ"!

ಸಾಕವ್ವ ಕುಸಿದು ಕೂತಳು. ಮೇಸ್ತ್ರಿ ಎರಡೂ ಗೋಡೆ ಸವರಿದ, ಮೂಸಿದ, ಹಿಂದೆ ಸರಿದು ನಿಂತು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಮಂಕೇ, ಬಿರುಕೂ ಬೇಕಿತ್ತೇನ್ಲಾ? ಆದ್ರೆ ಕೈ ಇದೆ ಕಣವ್ವ ನಿನ್ನ ಮಗನಿಗೆ! ಯಾವುದು ಹೊಸದು ಅಂತ ನನಗೇ ತಿಳೀತಿಲ್ಲ. ಇವನಿಗೆ ಕೆಲಸ ಖಾಯಂ!" ಮರಿಸಿದ್ದನ ಕಡೆ ತಿರುಗಿ ಹೇಳಿದ: "ಹೊಸ ಗಾರೆ ಕೆರೆದು ಹಾಕು. ನಾಳೆ ಬಿರುಕಿಲ್ಲದ ಹಾಗೆ ಮೆತ್ತುವೆಯಂತೆ. ಹಳೇದು ಜೋಪಾನ ಕಣ್ಲಾ! ಪಾಳೇಗಾರನ ಕಾಲದ್ದು. ಅದನ್ನ ಉಳಿಸೋಕೆ ತಾನೇ ನಾವು ಇಲ್ಲಿರೋದು!"

ಸಾಕವ್ವನಿಗೆ ಸಂತೋಷಕ್ಕೆ ಕಣ್ಣೀರು ಬಂತು. ಮಗನಿಗೆ ದೃಷ್ಟಿ ತೆಗೆದಳು. ಮೇಸ್ತ್ರಿ ಅವಳನ್ನು ಕರೆದುಕೊಂಡು ಹೋಗಿ ಟೀ ಕುಡಿಸಿದ. ಇನ್ನು ನಿಶ್ಚಿಂತೆಯಿಂದ ಕಣ್ಣು ಮುಚ್ಚಬಹುದು ಎಂದುಕೊಂಡೇ ಅವಳು ಮೇಸ್ತ್ರಿಯ ಜೊತೆ ಅರಮನೆಗೆ ವಾಪಸು ಬಂದಳು.

ಎರಡು ಗೋಡೆಗಳಲ್ಲೂ ಬರೀ ಇಟ್ಟಿಗೆ ಕಾಣುತ್ತಿತ್ತು. ಮರಿಸಿದ್ದ ಮೊಣಕಾಲವರೆಗೂ ಪುಡಿಗಾರೆಯಲ್ಲಿ ನಿಂತಿದ್ದ.

"ಏನ್ಲಾ ಮಾಡ್ದೆ!" ಮೇಸ್ತ್ರಿ ಚೀರಿದ.

"ಯಾವುದು ಹೊಸದು ಅಂತ ನನಗೂ ಗೊತ್ತಾಗ್ಲಿಲ್ಲ ಮೇಸ್ತ್ರೀ. ಒಂದನ್ನೇ ಕೆರೆದು ತಪ್ಪಾಗಿಬಿಟ್ರೆ? ಅದಕ್ಕೇ ಎರಡನ್ನೂ ಕೆರೆದೆ." ಮರಿಸಿದ್ದ ಅವ್ವನ ಕಡೆ ತಿರುಗಿ ಹಲ್ಲು ಕಿರಿದ. "ಹೆದರಬೇಡ ಕಣವ್ವ, ಈಗಲೂ ಯಾರಿಗೂ ಗೊತ್ತಾಗಲ್ಲ. ನೋಡು, ಎರಡೂ ಒಂದೇ ಥರ!"