ಹೆಚ್ಚಿದ ಗೋಧಿ

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು ಕೆಲವರು ಇರುತ್ತಾರಲ್ಲ, ಸಂಕಣ್ಣ ಆ ಪೈಕಿ. ಧ್ಯಾನಕ್ಕೆ ಕೂತರೂ ಅವನ ಹೆಬ್ಬೆರಳು ತಾನೇ ಕುಣಿಯುತ್ತಿತ್ತು.

ಹೊಳೆದಂಡೆಯ ಅಡವಯ್ಯ ಗುರುಗಳ ಆಶ್ರಮಕ್ಕೆ ಅವನು ಬಂದು ಐದು ವರ್ಷವಾಗಿತ್ತು. ಹುಟ್ಟಿದ್ದು ಬಂದರಿನ ದೊಡ್ಡ ದಲ್ಲಾಳಿ ಮನೆಯಲ್ಲಿ.

ಅವತ್ತು ಬೆಳಗ್ಗೆಯಂತೂ ಅವನ ಚಡಪಡಿಕೆ ಕೇಳಲೇಬೇಡಿ. ಜಗುಲಿಯಿಂದ ಹೊಳೆಗೆ, ಹೊಳೆಯಿಂದ ಜಗುಲಿಗೆ. ನಡುನಡುವೆ ಗುಬ್ಬಿಗಳನ್ನು ಓಡಿಸುವ ಕೆಲಸ ಬೇರೆ.

ಜಗುಲಿಯ ಮೇಲೆ ಅವನು ಗೋಧಿಕಾಳು ಜೋಡಿಸಿಟ್ಟಿದ್ದ. ಹೊಳೆಸೀಮೆ, ಗುಡ್ಡಸೀಮೆ, ಕರಿನೆಲದ ಸೀಮೆ, ಮೂರಕ್ಕೂ ಬೇರೆ ಬೇರೆ ಜಾಗ. ವರ್ಷಕ್ಕೊಂದು ಸಾಲು. ಆ ವರ್ಷ ಆ ಸೀಮೆಯ ಗೋಧಿ ಬಂದರಿಗೆ ಜಾಸ್ತಿ ಹೋಗಿದ್ದರೆ ಸಾಲು ಉದ್ದ, ಕಡಿಮೆ ಹೋಗಿದ್ದರೆ ಗಿಡ್ಡ.

ನಾಡಗೌಡರು ಕೇಳಿದ್ದ ಕೆಲಸ ಅದು. ಹಡಗಿನವರಿಗೆ ಇನ್ನಷ್ಟು ಗೋಧಿ ಬೇಕಂತೆ. ಯಾವ ಸೀಮೆಯಿಂದ ಎತ್ತಬಹುದು, ನೋಡಿ ಹೇಳಿ ಅಂತ ಗುರುಗಳ ಹತ್ತಿರ ಬಂದಿದ್ದರು. ಗುರುಗಳು ಅದನ್ನು ಸಂಕಣ್ಣನಿಗೆ ಒಪ್ಪಿಸಿದ್ದರು. ಬಂದರಿಗೆ ಹೋಗುವ ಗಾಡಿಗಳೆಲ್ಲ ಆಶ್ರಮದ ಮುಂದೆಯೇ ಹೊಳೆ ದಾಟಬೇಕಾದ್ದರಿಂದ ಯಾವ ವರ್ಷ ಎಷ್ಟು ಹೋಯಿತು ಅನ್ನೋದು ಅವನಿಗೆ ಗೊತ್ತಿತ್ತು. ಅಷ್ಟು ಸಾಲದು ಅಂತ ಮೂರೂ ಸೀಮೆ ಸುತ್ತಿ ಬಂದಿದ್ದ.

"ಗುರುಗಳೇ, ಒಂದು ಸಲ ನೋಡಿಬಿಡಿ. ಗುಬ್ಬಿಗಳ ಕಾಟ ತಡೆಯೋಕಾಗ್ತಿಲ್ಲ."

ಗುರುಗಳು ಬಟ್ಟೆ ಒಣಹಾಕಿ, ಕೈ ಒರೆಸಿಕೊಂಡು ನಿಧಾನಕ್ಕೆ ಬಂದರು.

"ಇದು ಹೊಳೆಸೀಮೆ. ಒಂದು ವರ್ಷ ಏರುತ್ತೆ, ಒಂದು ವರ್ಷ ಇಳಿಯುತ್ತೆ. ಗುಡ್ಡಸೀಮೆ ವರ್ಷ ವರ್ಷಕ್ಕೂ ಇಳೀತಾನೇ ಇದೆ. ಆದರೆ ಕರಿನೆಲ ನೋಡಿ! ಒಂದು ವರ್ಷವೂ ಹಿಂದೆ ಬಿದ್ದಿಲ್ಲ. ಏರಿದ್ದೇ ಏರಿದ್ದು."

"ಹೌದಲ್ಲ. ಅಲ್ಲಿಯ ಜನ ಏನಂದರು?"

"ಅದೇ ತಮಾಷೆ ಗುರುಗಳೇ. ಹೊಳೆಸೀಮೆಯವರು ಬರೀ ಗೊಣಗುತ್ತಾರೆ. ಎಲ್ಲಿಯ ಗೋಧಿಯಪ್ಪಾ, ಹೆಗ್ಗಣಕ್ಕೇ ಸಾಲದು ಅಂತಾರೆ. ಹಾಗನ್ನುತ್ತಲೇ ನನ್ನ ತಟ್ಟೆಗೆ ಮೇಲಿಂದ ಮೇಲೆ ಚಪಾತಿ ಹಾಕ್ತಾರೆ. ಕರಿನೆಲದ ಹೆಂಗಸರ ಬಾಯಲ್ಲಿ ಒಂದು ಗೊಣಗಾಟ ಇಲ್ಲ. ಗೋಧಿ ಹೇಗಿದೆ ತಾಯಿ ಅಂದರೆ, ಹೆಚ್ಚಿದೆಯಪ್ಪಾ ಅಂತಾರೆ. ಒಬ್ಬರಲ್ಲ ಇಬ್ಬರಲ್ಲ, ಓಣಿಗೆ ಓಣಿಯೇ ಹಾಗಂತು."

ಗುರುಗಳ ಮುಖ ಸ್ವಲ್ಪ ಬದಲಾಯಿತು. ಸಂಕಣ್ಣ ಅದನ್ನು ನೋಡಲಿಲ್ಲ, ಗುಬ್ಬಿಯ ಹಿಂದೆ ಹೋಗಿದ್ದ.

"ಅಲ್ಲಿ ಊಟಕ್ಕೆ ಏನು ಹಾಕಿದರು?"

"ಊಟ? ಬೆಲ್ಲ, ನೀರು ಕೊಟ್ಟರು. ಆ ಬಿಸಿಲಿಗೆ ಹಾಯಾಗಿತ್ತು."

"ಎಲ್ಲ ಮನೆಯಲ್ಲೂ?"

"ಎಲ್ಲ ಮನೆಯಲ್ಲೂ. ಯಾಕೆ ಗುರುಗಳೇ?"

ಗುರುಗಳು ಬಗ್ಗಿ ಕರಿನೆಲದ ಸಾಲುಗಳನ್ನು ಮತ್ತೊಮ್ಮೆ ನೋಡಿದರು. ಸಂಕಣ್ಣನಿಗೆ ಮೈಯೆಲ್ಲ ತುರಿಸಿದಂತಾಯಿತು. ಒಳಗಿಟ್ಟುಕೊಂಡದ್ದು ಬಾಯಿಗೆ ಬಂದೇಬಿಟ್ಟಿತು.

"ನಾನು ನಿನ್ನೆಯೇ ಹೇಳಿಕಳಿಸಿಬಿಟ್ಟೆ. ನೀವು ನೋಡೋತನಕ ಕಾಯೋಕಾಗಲಿಲ್ಲ. ಕರಿನೆಲದಿಂದ ಎಷ್ಟು ಬೇಕಾದರೂ ಎತ್ತಬಹುದು ಅಂತ ನಾಡಗೌಡರಿಗೆ ಸುದ್ದಿ ಮುಟ್ಟಿದೆ. ಇವತ್ತು ಖಾಲಿ ಗಾಡಿ ಕಟ್ಟಿಕೊಂಡು ಅವರೇ ಹೊರಟಿದ್ದಾರೆ. ಇಲ್ಲಿ ಪ್ರಸಾದ ತಗೊಂಡು ಹೊಳೆ ದಾಟ್ತಾರಂತೆ."

"ಸರಿ ಬಿಡು," ಅಂದರು ಗುರುಗಳು. "ಹಸಿವಾಗಿದೆಯಾ?"

ಬೈಗುಳಕ್ಕೆ ಬೆನ್ನು ಕೊಟ್ಟು ನಿಂತವನಿಗೆ ಈ ಪ್ರಶ್ನೆ ಕೇಳಿ ಜೀವ ಬಂತು. "ಆಗಿದೆ. ಬೆಳಗ್ಗೆಯಿಂದ ಏನೂ ತಿಂದಿಲ್ಲ."

ಗುರುಗಳು ಅಡುಗೆಮನೆಗೆ ಹೋಗಿ ಮಡಕೆಯೊಳಗೆ ಇಣುಕಿ ಬಂದರು.

"ಗೋಧಿ ಹೆಚ್ಚಿದೆ. ಎಲೆ ಹಾಕಿಕೊಂಡು ಕೂತ್ಕೋ."

ಆಹಾ! ಹಾಗಾದರೆ ಇವತ್ತು ಗೋಧಿ ಹುಗ್ಗಿಯೇ ಸೈ. ಸಂಕಣ್ಣ ಮುತ್ತುಗದ ಎಲೆ ಹಾಸಿದ, ನೀರು ಚಿಮುಕಿಸಿದ, ಚಕ್ಕಳಮಕ್ಕಳ ಹಾಕಿ ಕೂತ.

ಗುರುಗಳೂ ಎದುರಿಗೆ ಕೂತರು. ಅವರ ಮುಂದೆಯೂ ಒಂದು ಎಲೆ.

ಯಾರೂ ಏಳಲಿಲ್ಲ. ಒಲೆಯ ಕಡೆಯಿಂದ ಹೊಗೆ ಬರಲಿಲ್ಲ. ಎಲೆಯ ಮೇಲಿನ ನೀರು ಆರಿತು. ಸಂಕಣ್ಣ ಮತ್ತೆ ಚಿಮುಕಿಸಿದ, ಅದೂ ಆರಿತು. ಹೊಟ್ಟೆ ಚುರುಗುಟ್ಟತೊಡಗಿತು.

"ಗುರುಗಳೇ, ನಾನು ಒಲೆ ಹಚ್ಚಲಾ?"

"ಹಚ್ಚಿ ಏನು ಬೇಯಿಸ್ತೀ?"

"ಹೆಚ್ಚಿದೆ ಅಂದಿರಲ್ಲ!"

"ಹೆಚ್ಚಿದೆ ಅಂತಲೇ ಅಂದೆ. ಹೋಗಿ ನೋಡು."

ಸಂಕಣ್ಣ ಒಳಗೆ ಓಡಿದ. ಮಡಕೆಗೆ ಕೈ ಹಾಕಿದ. ಬೆರಳಿಗೆ ತಳ ತಾಗಿತು. ಬಗ್ಗಿಸಿ ಅಲ್ಲಾಡಿಸಿದ, ಒಂದಿಷ್ಟು ಧೂಳು ಬಿತ್ತು. ಉಳಿದಿದ್ದ ಹಿಡಿ ಗೋಧಿಯನ್ನು ತಾನೇ ಬಾಚಿಕೊಂಡು ಹೋಗಿ ಜಗುಲಿಯ ಮೇಲೆ ಜೋಡಿಸಿದ್ದು ಆಗ ನೆನಪಾಯಿತು. ಬಾಚುವಾಗ ಮಡಕೆಯೊಳಗೆ ನೋಡಿಯೇ ಇರಲಿಲ್ಲ.

ಹೊರಗೆ ಬಂದಾಗ ಅವನ ದನಿ ಸಣ್ಣಗಾಗಿತ್ತು. "ಇದು ಖಾಲಿ."

"ಶ್! ಹಾಗನ್ನಬಾರದು. ಮನೆಯಲ್ಲಿ ಕಾಳು ತೀರಿದರೆ ಹೆಣ್ಣುಮಕ್ಕಳು ತೀರಿತು ಅನ್ನೋದಿಲ್ಲ, ಹೆಚ್ಚಿದೆ ಅಂತಾರೆ. ಬಳೆ ಒಡೆದರೂ ಹೆಚ್ಚಿತು ಅಂತಾರೆ. ನಿಮ್ಮ ಮನೆಯಲ್ಲಿ ನೀನು ಕೇಳಿಲ್ಲವೇ?"

"ನಮ್ಮ ಮನೆಯಲ್ಲಿ ಗೋಧಿ ತೀರಿದ್ದೇ ಇಲ್ಲ, ಗುರುಗಳೇ."

ಹಾಗಂದವನು ಎಲೆಯ ಮುಂದೆ ಮತ್ತೆ ಕೂತ. ಕರಿನೆಲದ ಓಣಿಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಹೆಚ್ಚಿದೆಯಪ್ಪಾ ಅಂದ ತಾಯಿ ಸೆರಗು ಸರಿಮಾಡಿಕೊಂಡು ಮುಖ ಆಚೆ ತಿರುಗಿಸಿದ್ದಳು. ಅವನು ಬೆಲ್ಲ ತಿಂದು ಕೆಳಗಿಟ್ಟ ತಟ್ಟೆಯನ್ನು ಒಂದು ಕೂಸು ಎತ್ತಿಕೊಂಡು ಹೋಗಿ ನೆಕ್ಕಿತ್ತು. ಎಷ್ಟು ಮುದ್ದಾಗಿದೆ ಅಂದುಕೊಂಡು ನಕ್ಕು ಬಂದಿದ್ದ. ಈಗ ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

"ಆ ಉದ್ದನೆಯ ಸಾಲು ಹಾಗಾದರೆ..."

"ವರ್ಷ ವರ್ಷವೂ ನಾಡಗೌಡರ ಗಾಡಿ ಜಾಸ್ತಿ ಆಯಿತು. ಕೊಡುತ್ತಾ ಹೋದರು. ಬಿತ್ತನೆ ಕಾಳೂ ಹೋಗಿರಬೇಕು. ನಮ್ಮ ಮಡಕೆಗೂ ಆ ಕಡೆಯಿಂದಲೇ ಬರುತ್ತಿತ್ತು, ಈ ವರ್ಷ ಬಂದಿಲ್ಲ."

"ಗುಡ್ಡಸೀಮೆಯದು ಇಳಿದದ್ದು?"

"ಅಲ್ಲಿ ನಿನಗೆ ಏನು ಹಾಕಿದರು?"

"ಹುಗ್ಗಿ. ಸಾಕು ಅಂದರೂ ಬಿಡಲಿಲ್ಲ."

ಅಷ್ಟರಲ್ಲಿ ದಾರಿಯ ಕಡೆಯಿಂದ ಎತ್ತಿನ ಗೆಜ್ಜೆ ಕೇಳಿಸಿತು. ಒಂದು ಗಾಡಿಯದಲ್ಲ, ಸಾಲು ಗಾಡಿಗಳದು.

ಸಂಕಣ್ಣ ಚಂಗನೆ ಎದ್ದ. "ಓಡಿ ಹೋಗಿ ಹೇಳಿಬಿಡ್ತೀನಿ. ಕಾಲು ಹಿಡೀತೀನಿ. ಈ ಗಾಡಿಗಳು ಹೊಳೆ ದಾಟಿದರೆ ಆ ಜನ ಉಳಿಯೋದಿಲ್ಲ."

ಗುರುಗಳು ಅವನ ಮಣಿಕಟ್ಟು ಹಿಡಿದರು. "ಏನಂತ ಹೇಳ್ತೀ?"

"ಅಲ್ಲಿ ಗೋಧಿ ಇಲ್ಲ ಅಂತ."

"ನಿನ್ನೆ ರಾಶಿ ಇದೆ ಅಂದೆ, ಇವತ್ತು ಇಲ್ಲ ಅಂತೀ. ನಂಬ್ತಾರಾ?"

"ನಿಜ ಏನು ಅಂತ ಬಿಡಿಸಿ ಹೇಳ್ತೀನಿ. ಹೆಂಗಸರ ಆ ಮಾತಿನ ಅರ್ಥ ಹೇಳ್ತೀನಿ."

"ಅವರೂ ಕಾಳು ತೀರದ ಮನೆಯಲ್ಲಿ ಹುಟ್ಟಿದವರೇ, ಸಂಕಣ್ಣ. ನಿನಗೆ ಅರ್ಥ ಹೇಳಿದ್ದು ನಾನಾ, ಈ ಎಲೆಯಾ?"

ಸಂಕಣ್ಣ ಎಲೆಯನ್ನು ನೋಡಿದ. ಗೆಜ್ಜೆ ಸದ್ದು ಬಾಗಿಲ ಮುಂದೆ ಬಂದು ನಿಂತಿತು. ಅವನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಗುರುಗಳೇ!" ನಾಡಗೌಡರ ದೊಡ್ಡ ದನಿ ಹೊರಗಿನಿಂದ ಬಂತು. "ಎಳೆಬಿಸಿಲಲ್ಲಿ ಹೊರಟವರು, ಹಸಿದು ಹೈರಾಣಾಗಿದ್ದೀವಿ. ಮೊದಲು ಪ್ರಸಾದ ಆಗಿಬಿಡಲಿ, ಮಾತು ಆಮೇಲೆ!"

"ಬನ್ನಿ ಬನ್ನಿ, ಕೈಕಾಲು ತೊಳ್ಕೊಳ್ಳಿ," ಅಂತ ಗುರುಗಳು ಒಳಗಿನಿಂದಲೇ ಕೂಗಿದರು.

ಆಮೇಲೆ ಮುತ್ತುಗದ ಎಲೆಯ ಕಟ್ಟನ್ನು ಶಿಷ್ಯನ ಕೈಗೆ ಕೊಟ್ಟರು.

"ಎಲ್ಲರಿಗೂ ಎಲೆ ಹಾಕು, ಮಗು. ಬಡಿಸೋದಕ್ಕೆ ಮಾತ್ರ ಅವಸರ ಮಾಡಬೇಡ."