ಗಾಳಿ ತುಂಬಿಸಿಕೊಂಡ ಕಾರು

"ಗುರುಗಳೇ, ಎಚ್ಚರಿಕೆ ಕಿವಿಗೆ ಬಿದ್ದ ಮೇಲೂ ಮನುಷ್ಯ ಯಾಕೆ ನಿಲ್ಲುವುದಿಲ್ಲ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಘಾಟಿಯ ಕೆಳಗಿನ ಊರಿನಲ್ಲಿ ಒಬ್ಬ ಡ್ರೈವರ್ ಇದ್ದ. ಅವನ ಹೆಂಡತಿಗೆ ಉಬ್ಬಸ. ಆಸ್ಪತ್ರೆ ಇದ್ದದ್ದು ಘಾಟಿಯ ಮೇಲೆ. ಅವನ ಕಾರು ಹಳೆಯದು. ಏರಿನಲ್ಲಿ ತೆವಳುತ್ತ ಹತ್ತುತ್ತಿತ್ತು. ಹಿಂದಿನ ಸೀಟಿನಲ್ಲಿ ಅವಳು ಉಸಿರಿಗೆ ಒದ್ದಾಡುವುದನ್ನು ಅವನು ಪ್ರತಿ ಸಲವೂ ಕನ್ನಡಿಯಲ್ಲಿ ನೋಡುತ್ತಿದ್ದ.

ಅವನು ಮೆಕ್ಯಾನಿಕ್ ಬಳಿಗೆ ಹೋಗಿ, ಎಂಜಿನ್ನಿಗೆ ಟರ್ಬೊ ಕೂಡಿಸು ಎಂದ. ಟರ್ಬೊ ಎಂದರೆ ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಅದರಿಂದ ಬಲ ಹೆಚ್ಚುತ್ತದೆ.

ಮೆಕ್ಯಾನಿಕ್ ಕೂಡಿಸಿದ. ಆಮೇಲೆ, "ಗಾಡಿ ಒಂದು ವಾರ ಇಲ್ಲೇ ಇರಲಿ" ಎಂದ. "ಗಾಳಿ ಹೆಚ್ಚಾಯಿತು, ಪೆಟ್ರೋಲೂ ಅದಕ್ಕೆ ತಕ್ಕ ಹಾಗೆ ಹೆಚ್ಚಬೇಕು. ಹಳೇ ಪಂಪು ಸಾಲದು. ದೊಡ್ಡದು ಪೇಟೆಯಿಂದ ಬರಬೇಕು. ಇಲ್ಲದಿದ್ದರೆ ಎಂಜಿನ್ ಒಳಗೆ ಮಿತಿಮೀರಿ ಕಾಯುತ್ತೆ. ಪಿಸ್ಟನ್ ಕರಗುತ್ತೆ."

"ಅಷ್ಟರೊಳಗೆ ಅವಳಿಗೆ ಉಸಿರು ಕಟ್ಟಿದರೆ ನಿನ್ನ ಸ್ಪಾನರ್ ಹಿಡಿದು ಊದಲೇ?"

"ಹಾಗಾದರೆ ಟರ್ಬೊ ಬಿಚ್ಚಿಕೊಡ್ತೀನಿ. ಪಂಪು ಬಂದ ಮೇಲೆ ಬಾ."

"ಬಿಚ್ಚಬೇಡ" ಎಂದ ಡ್ರೈವರ್. ಕಾರು ತೆಗೆದುಕೊಂಡು ಹೊರಟ.

ಬಯಲು ರಸ್ತೆಯಲ್ಲಿ ಓಡಿಸಿ ನೋಡಿದ. ಕಾರು ಹಾರಿತು. ನಿಲ್ಲಿಸಿ, ಎಂಜಿನ್ನಿನೊಳಗೆ ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿ ನೋಡಿದ. ಮಸಿಯಿಲ್ಲ. ಹಾಲಿನಂತೆ ಬಿಳುಪು. ಅವನಿಗೆ ಸಂತೋಷವಾಯಿತು. ಅದನ್ನು ಮತ್ತೆ ಹಾಕಿ ಮೆಕ್ಯಾನಿಕ್ ಬಳಿಗೆ ಬಂದು ಬಿಚ್ಚಿ ತೋರಿಸಿದ.

"ನೋಡೋ, ತೊಳೆದಿಟ್ಟ ಹಾಗಿದೆ. ಕರಗುತ್ತಂತೆ!"

"ಹೆಣದ ಮುಖವೂ ಬೆಳ್ಳಗೇ ಇರುತ್ತೆ ಮಾರಾಯ. ಪ್ಲಗ್ ಕಂದು ಬಣ್ಣಕ್ಕಿರಬೇಕು. ಇದು ಪೆಟ್ರೋಲ್ ಸಾಲದೆ ಬೆಂದದ್ದು. ಪಂಪು ಬರುವ ತನಕ ಏರಿನಲ್ಲಿ ಆಕ್ಸಿಲರೇಟರ್ ಪೆಡಲನ್ನು ಜೋರಾಗಿ ತುಳಿಯಬೇಡ. ಡಬ್ಬದಲ್ಲಿ ಜಲ್ಲಿ ಕುಲುಕಿದ ಹಾಗೆ ಸದ್ದು ಬಂದರೆ ಕಾಲು ತೆಗೆದುಬಿಡು."

"ಆಯಿತು" ಎಂದ.

ಮರುದಿನ ಬೆಳಿಗ್ಗೆ ಹೆಂಡತಿಯ ತುಟಿ ನೀಲಿಯಾಯಿತು. ಅವಳನ್ನು ಹಿಂದೆ ಮಲಗಿಸಿಕೊಂಡು ಘಾಟಿ ಹಿಡಿದ. ಪೆಡಲನ್ನು ಪೂರ್ತಿ ತುಳಿದ. ಕಾರು ಎಂದೂ ಹತ್ತದ ಹಾಗೆ ಹತ್ತಿತು. ಅರ್ಧ ಘಾಟಿಯಲ್ಲಿ ಜಲ್ಲಿ ಕುಲುಕಿದ ಸದ್ದು ಬಂತು. ಅವನಿಗೆ ಕೇಳಿಸಿತು. ಅವಳಿಗೂ ಕೇಳಿಸಿತು.

"ಮೆಲ್ಲಗೆ ಹೋಗಿ. ಏನೋ ಸದ್ದು" ಎಂದಳು.

"ಸುಮ್ಮನಿರು. ಮಾತಿಗೆ ಉಸಿರು ಕಳೆಯಬೇಡ."

ಕಾಲು ತೆಗೆಯಲಿಲ್ಲ.

ಮುಂದಿನ ತಿರುವಿನಲ್ಲಿ ಎಂಜಿನ್ ನಿಂತಿತು. ಹೊಗೆ ಬಂತು. ಮತ್ತೆ ಚಾಲೂ ಆಗಲಿಲ್ಲ. ಬೇರೆ ಗಾಡಿ ಬರಲಿಲ್ಲ. ಅವಳನ್ನು ಎತ್ತಿಕೊಂಡು ನಡೆದ. ಆಸ್ಪತ್ರೆ ಕಾಣಿಸುವ ಮೊದಲೇ ಅವಳು ತಣ್ಣಗಾದಳು. ಮೊದಲಿನ ಕಾರು, ತೆವಳುತ್ತಲೇ ಆದರೂ, ಪ್ರತಿ ಸಲವೂ ತಲುಪಿಸಿತ್ತು.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಸದ್ದು ಕೇಳಿದಾಗಲಾದರೂ ಕಾಲು ತೆಗೆಯಬಹುದಿತ್ತಲ್ಲ ಗುರುಗಳೇ! ಅವಳೇ ಹೇಳಿದಳಲ್ಲ!"

"ಅವಳ ಉಸಿರಿನ ಭಯದಿಂದಲೇ ಟರ್ಬೊ ಕೂಡಿಸಿದ, ಅದೇ ಭಯ ಅವನ ಕಾಲನ್ನೂ ಒತ್ತಿ ಹಿಡಿದಿತ್ತು. ಅಲ್ಲಿ ಕಾಲು ತೆಗೆಯಬಲ್ಲವನು ಟರ್ಬೊ ಕೂಡಿಸುತ್ತಲೇ ಇರಲಿಲ್ಲ" ಎಂದರು ಗುರು.